ಬಾಚ್ಚು ಭಾಯಿಯ ಡಬ್ಬಿ

ಕಲಾಮ್ ಕಸಾಯಿ ಎಸೆದ ರೂಟರ್ ಶಿಹಾಬನ ಹುಬ್ಬಿಗೆ ಬಡಿದು ಇಂಟರ್ನೆಟ್ ಆಫೀಸಿನ ಕೌಂಟರಿನ ಹಿಂದೆ ಹೋಗಿ ಬಿತ್ತು. ಅದರ ಎರಡು ಆಂಟೆನಾ ಕೊಂಬುಗಳಲ್ಲಿ ಒಂದು ಮುರಿದು ತಂತಿಯಲ್ಲಿ ನೇತಾಡಿತು. ಹುಬ್ಬಿನ ರಕ್ತ ಇಳಿದು ಕಣ್ಣಿಗೆ ಬಂದಾಗ ಶಿಹಾಬ ಅಂಗಿಯ ತೋಳಿನಿಂದ ಒರೆಸಿಕೊಂಡ. ಶುಕ್ರವಾರದ ನಮಾಜು ಮುಗಿಸಿ ಬಂದವರು ಹೊರಗೆ ಗುಂಪುಗೂಡಿದ್ದರು. ಯಾರೂ ಕಲಾಮನನ್ನು ತಡೆಯಲಿಲ್ಲ. ಅವನು ಎಸೆಯದಿದ್ದರೆ ಅವರಲ್ಲೇ ಇನ್ನೊಬ್ಬ ಎಸೆಯುತ್ತಿದ್ದ.

"ಒಂದು ಪೇಜು ತೆರೆಯೋಷ್ಟರಲ್ಲಿ ನಾನೊಂದು ಹಸು ಸುಲಿದು ಮುಗಿಸ್ತೀನಿ ಕಣೋ," ಎಂದ ಕಲಾಮ್. "ನಿನ್ನೆಯಿಂದ ಇದೇ ಹಣೆಬರಹ. ಮಗಳು ಕಾಲೇಜಿನ ಅರ್ಜಿ ತುಂಬಕ್ಕೆ ಕೂತು ಅಳ್ತಾ ಇದಾಳೆ."

"ಚಾಚಾ, ಲೈನು ಚೆನ್ನಾಗೇ ಇದೆ. ವಿಡಿಯೋ ಓಡ್ತಿದೆ ತಾನೆ?"

"ಓಡತ್ತೆ. ಶುರುವಾದ್ಮೇಲೆ ಕುದುರೆ ಥರ ಓಡತ್ತೆ. ಶುರುವಾಗೋದೇ ಇಲ್ವಲ್ಲ."

ಗುಂಪಿನಲ್ಲಿ ಯಾರೋ ನಕ್ಕರು. ಇನ್ಯಾರೋ "ಜಸೀಮನ ಕಡೆಯವರ ಕೆಲಸ, ಭಾಯಿನೇ ಹೇಳಿದಾರೆ" ಎಂದರು. ಆ ಮಾತಿಗೆ ಎಲ್ಲರೂ ತಲೆಯಾಡಿಸಿದರು.

ಭಾಯಿ ಹೇಳಿದ್ದು ನಿಜ. ಮಸೀದಿಯ ಮೆಟ್ಟಿಲಿಳಿಯುತ್ತಲೇ ಬಾಚ್ಚು ಭಾಯಿ ಫೋನನ್ನು ಮುಖದೆದುರು ಹಿಡಿದು ಇಡೀ ಗಲ್ಲಿಗೆ ನೇರಪ್ರಸಾರದಲ್ಲಿ ಮಾತಾಡಿದ್ದ. ದೊಡ್ಡರಸ್ತೆಯ ಆಚೆಯ ಜಸೀಮನ ಜನ ನಮ್ಮ ಲೈನಿಗೆ ಏನೋ ಸೇರಿಸಿದ್ದಾರೆ, ಸಂಜೆಯ ನಮಾಜಿನೊಳಗೆ ಕಳ್ಳನನ್ನು ಹಿಡಿದು ನಿಮ್ಮೆದುರು ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಮೀರ್‌ಪುರದ ಝಿಲ್‌ಪಾಡ್ ಗಲ್ಲಿಯಲ್ಲಿ ಮನೆಮನೆಗೆ ಹೋಗುವ ಇಂಟರ್ನೆಟ್ ತಂತಿ ಬಾಚ್ಚು ಭಾಯಿಯದು. ರಸ್ತೆಯ ಆಚೆಗೆ ಜಸೀಮನದು. ಒಬ್ಬನ ತಂತಿ ಇನ್ನೊಬ್ಬನ ಕಡೆಗೆ ದಾಟುವಂತಿಲ್ಲ. ಹಿಂದೊಮ್ಮೆ ದಾಟಿತ್ತು. ಆಗ ಎರಡೂ ಕಡೆ ಹೆಣ ಬಿದ್ದಿದ್ದವು. ಆಮೇಲೆ ಇಬ್ಬರ ತಂತಿಯೂ ಒಟ್ಟಿಗೆ ಹಾಯುವ ಜಾಗವೆಂದರೆ ದೊಡ್ಡರಸ್ತೆಯ ಕಂಬಗಳು ಮಾತ್ರ.

ಕಲಾಮ್ ಹೋದ ಮೇಲೆ ಶಿಹಾಬ ಮತ್ತೆ ಕಂಪ್ಯೂಟರಿನೆದುರು ಕೂತ. ನಿನ್ನೆಯೆಲ್ಲ ಅವನು ಏಣಿ ಹೊತ್ತು ಕಂಬದಿಂದ ಕಂಬಕ್ಕೆ ಅಲೆದಿದ್ದ. ಎಲ್ಲೂ ತಂತಿ ತುಂಡಾಗಿರಲಿಲ್ಲ, ಅದರೊಳಗಿನ ಗಾಜಿನ ಎಳೆಯಲ್ಲಿ ಬೆಳಕು ಕಡಿಮೆಯಾಗಿರಲಿಲ್ಲ. ಇವತ್ತು ಬೆಳಗ್ಗೆ ಅವನಿಗೆ ವಿಷಯ ಹೊಳೆದಿತ್ತು. ಸೈಟಿನ ಹೆಸರಿನ ಬದಲು ಅದರ ವಿಳಾಸದ ಅಂಕಿಯನ್ನೇ ನೇರವಾಗಿ ಒತ್ತಿದರೆ ಪೇಜು ತಟ್ಟನೆ ತೆರೆಯುತ್ತಿತ್ತು. ಹೆಸರು ಒತ್ತಿದರೆ ನಿಂತು, ಸುಸ್ತಾಗಿ, ಆಮೇಲೆ ತೆರೆಯುತ್ತಿತ್ತು. ಅಂದರೆ ದಾರಿ ಸರಿಯಿದೆ, ಹೆಸರು ಕೇಳಿ ವಿಳಾಸ ಹೇಳುವವನು, ಡಿಎನ್‌ಎಸ್, ಕೈಕೊಟ್ಟಿದ್ದಾನೆ. ಗಲ್ಲಿಗೆ ಇಂಟರ್ನೆಟ್ ಮಾರುವ ದೊಡ್ಡ ಕಂಪನಿಗೆ ಫೋನು ಮಾಡಿ ಕೇಳಿದ. ಅಲ್ಲಿದ್ದವನು ಬಾಯಲ್ಲಿ ಏನೋ ಅಗಿಯುತ್ತಲೇ, "ಹಳೇ ಡಿಎನ್‌ಎಸ್ ನಿನ್ನೆ ನಿಲ್ಲಿಸಿದ್ವಿ. ಹೊಸ ನಂಬರು ನಿಮ್ಮ ಮಾಲೀಕರ ಫೋನಿಗೆ ಕಳಿಸಿದ್ವಲ್ಲ, ನೋಡ್ಲಿಲ್ವ?" ಎಂದು ನಂಬರು ಹೇಳಿದ್ದ. ಮಾಲೀಕರು ಫೋನಿನಲ್ಲಿ ನೋಡುತ್ತಿದ್ದದ್ದು ತಮ್ಮ ಫೋಟೋಗೆ ಎಷ್ಟು ಮೆಚ್ಚುಗೆ ಬಿತ್ತು ಎಂಬುದೊಂದನ್ನೇ.

ಸರಿಮಾಡುವುದು ಒಂದು ಸಾಲು ಅಳಿಸಿ ಇನ್ನೊಂದು ಸಾಲು ಒತ್ತುವಷ್ಟು ಕೆಲಸ. ಆದರೆ ಆ ಸಾಲು ಇದ್ದದ್ದು ಡಬ್ಬಿಯಲ್ಲಿ.

ಡಬ್ಬಿಯೆಂದರೆ ಒಂದು ಹಳೆಯ ಪುಟ್ಟ ಕಂಪ್ಯೂಟರ್. ಗಲ್ಲಿಯ ಕೇರಂ ಸಂಘದ ಮುಂದಿನ ಕೋಣೆಯಲ್ಲಿ, ಅಂದರೆ ಶಿಹಾಬ ಕೂತಿದ್ದ ಇದೇ ಆಫೀಸಿನಲ್ಲಿ, ಗಾಜಿನ ಅಲಮಾರಿನಲ್ಲಿ, ಕೇರಂ ಪಂದ್ಯದ ಕಪ್ಪುಗಳ ನಡುವೆ, ಬಾಚ್ಚು ಭಾಯಿಯ ಕಟ್ಟುಹಾಕಿಸಿದ ಫೋಟೋದ ಕೆಳಗೆ ಕೂತಿತ್ತು. ಗಲ್ಲಿಯ ಗೋಡೆ, ಕಂಬ, ರಿಕ್ಷಾಗಳ ಬೆನ್ನಿನ ಮೇಲೆಲ್ಲ ತನ್ನ ಮುಖ ಅಂಟಿಸಿ ಮುಗಿದ ಮೇಲೆ ಬಾಚ್ಚು ಭಾಯಿಗೆ ಜನರ ಫೋನೊಂದೇ ಬಾಕಿ ಉಳಿದಿತ್ತು. ವಾರ್ಡಿನ ಚುನಾವಣೆಗೆ ನಿಲ್ಲುವವನು. ಅದಕ್ಕೇ ಗಲ್ಲಿಯ ಪ್ರತಿ ರೂಟರಿನಲ್ಲೂ ಹೆಸರು ಕೇಳಬೇಕಾದರೆ ಡಬ್ಬಿಯನ್ನೇ ಕೇಳು ಎಂದು ಬರೆಸಿ, ಬದಲಾಯಿಸಲಾಗದಂತೆ ಬೀಗ ಹಾಕಿಸಿದ್ದ. ಬೆಳಗ್ಗೆ ಯಾರ ಫೋನು ಮೊದಲ ಸಲ ಲೈನಿಗೆ ಸೇರಿದರೂ ಡಬ್ಬಿ ಮೊದಲು ಭಾಯಿಯ ಮುಖ ತೋರಿಸುತ್ತಿತ್ತು. ಬಿಳಿ ಪಂಜಾಬಿ ಜುಬ್ಬ, ಎತ್ತಿದ ಕೈ, ಕೆಳಗೆ 'ನಿಮ್ಮ ಸೇವೆಯಲ್ಲಿ'. ಆಮೇಲೆ ದಿನವಿಡೀ ಹೆಸರುಗಳನ್ನು ಕಂಪನಿಗೆ ಕೇಳಿ ತಿಳಿಸುತ್ತಿತ್ತು. ಗುರುವಾರದಿಂದ ಅದು ಸತ್ತ ಹಳೆಯ ನಂಬರನ್ನು ಕೇಳಿ, ಉತ್ತರಕ್ಕೆ ಕಾದು, ಸಾಕಾಗಿ, ಆಮೇಲೆ ಎರಡನೆಯ ಸಾಲಿನ ನಂಬರನ್ನು ಕೇಳುತ್ತಿತ್ತು. ಪ್ರತಿ ಪೇಜಿಗೂ ಹಾಗೆಯೇ.

ಭಾಯಿಯ ಅಪ್ಪಣೆಯಿಲ್ಲದೆ ಡಬ್ಬಿ ಮುಟ್ಟುವಂತಿರಲಿಲ್ಲ. ಶಿಹಾಬನಿಗಿಂತ ಮೊದಲು ಈ ಕುರ್ಚಿಯಲ್ಲಿದ್ದವನು ಏನೋ ಸರಿಮಾಡಲು ಹೋಗಿ, ಈದ್‌ನ ಬೆಳಗ್ಗೆ ಭಾಯಿಯ ಮುಖ ಬಾರದ ಹಾಗೆ ಮಾಡಿದ್ದ. ಭಾಯಿಯ ಆಳು ಕುದ್ದುಸ್ ಅವನ ಕಿವಿಗೆ ಎರಡೂ ಅಂಗೈಯಿಂದ ಒಟ್ಟಿಗೆ ಬಾರಿಸಿದ್ದ. ಈಗ ಅವನು ತರಕಾರಿ ಮಾರುತ್ತಾನೆ. ರೇಟು ಎರಡು ಸಲ ಕೂಗಿ ಕೇಳಬೇಕು.

ಭಾಯಿ ಊಟ ಮುಗಿಸಿ ಬರಲಿ, ಕೇಳಿಯೇ ಮಾಡೋಣ ಎಂದು ಶಿಹಾಬ ಕಾಯುತ್ತ ಕೂತ.

ಭಾಯಿಗಿಂತ ಮೊದಲು ಕುದ್ದುಸ್ ಬಂದ. ಒಬ್ಬನನ್ನು ಕಾಲರು ಹಿಡಿದು ನೆಲದ ಮೇಲೆ ಎಳೆದುಕೊಂಡು ಬಂದ. ಜೊತೆಗೆ ಕೇರಂ ಆಡುವ ಮೂವರು. ಎಳೆಸಿಕೊಂಡವನ ಸೊಂಟದಲ್ಲಿ ಇನ್ನೂ ಲೈನ್‌ಮನ್ನಿನ ಪಟ್ಟಿ ಇತ್ತು. ಒಂದು ಕಾಲು ಪಾದದ ಬಳಿ ಉಳುಕಿ ಊದಿತ್ತು. ಹೊಸ್ತಿಲಿಗೆ ತಲೆ ಬಡಿದಾಗ ಅವನ ಮುಖ ಈ ಕಡೆ ತಿರುಗಿತು. ಲಾಬ್ಲು. ಶಿಹಾಬನ ಅಕ್ಕ ಜೋಸ್ನಾಳ ಗಂಡ, ಜಸೀಮನ ಲೈನ್‌ಮನ್.

"ಕಂಬದ ಮೇಲಿದ್ದ," ಎಂದ ಕುದ್ದುಸ್, ಯಾರೂ ಕೇಳದಿದ್ದರೂ. "ನಮ್ಮ ತಂತಿ ಪಕ್ಕದಲ್ಲೇ ಕೈಯಾಡಿಸ್ತಿದ್ದ. ಏಣಿ ಎಳೆದೆ. ಹಲಸಿನ ಹಣ್ಣು ಬಿದ್ದಂಗೆ ಬಿದ್ದ."

"ಅದು ಇಬ್ಬರದೂ ಕಂಬ, ಕುದ್ದುಸ್ ಭಾಯಿ," ಎಂದ ಶಿಹಾಬ. "ಅವನ ಲೈನು ಅವನು ರಿಪೇರಿ ಮಾಡ್ತಿದ್ದ."

ಕುದ್ದುಸ್ ನಿಂತ. "ನಿಂಗೆ ಹೆಂಗೆ ಗೊತ್ತು? ಹೇಳಿ ಹೋಗಿದ್ನಾ ನಿನ್ನ ಭಾವ, ನಿನ್ನ ದುಲಾಭಾಯಿ? ಅಕ್ಕನ ಮನೇಲಿ ಊಟಕ್ಕೆ ಕೂತಾಗ ಇದೇ ಮಾತಾಡ್ತೀರಾ ಇಬ್ಬರೂ?"

ಹುಡುಗರು ನಕ್ಕರು. ಅವರು ಲಾಬ್ಲುವನ್ನು ಒಳಕೋಣೆಗೆ ಎಳೆದೊಯ್ದರು. ಹೊರಗೆ ಗುಂಪು ಕೇಕೆ ಹಾಕಿತು. ಯಾರೋ ಶಟರನ್ನು ಅರ್ಧಕ್ಕಿಳಿಸಿದರು.

ಬಾಚ್ಚು ಭಾಯಿ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಹಿಂಬಾಗಿಲಿನಿಂದ ಬಂದ. ಸಣಕಲು ಮನುಷ್ಯ, ಅತ್ತರಿನ ವಾಸನೆ, ಮೆತ್ತಗಿನ ದನಿ. ಶಿಹಾಬ ಎದ್ದು, "ಭಾಯಿ, ಒಂದು ಮಾತು, ಡಬ್ಬಿದು" ಎಂದ.

"ಆಮೇಲೆ."

"ಈಗಲೇ ಹೇಳ್ಬೇಕು ಭಾಯಿ."

"ಶಿಹಾಬ, ನಿನ್ನ ಸಂಬಂಧಿಕ ಒಳಗಿದಾನೆ. ಈಗ ನೀನು ಏನು ಹೇಳಿದ್ರೂ ನಾನು ಅದನ್ನ ಎರಡು ಸಲ ತೂಗಬೇಕಾಗತ್ತೆ. ಸುಮ್ನೆ ಕೂತ್ಕೋ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ಒಳಕೋಣೆಗೆ ಬಾಗಿಲಿರಲಿಲ್ಲ, ಹೂವಿನ ಪರದೆ ಇತ್ತು. ಶಿಹಾಬ ಕೂತಲ್ಲಿಂದ ಪರದೆಯ ಸಂದಿನಲ್ಲಿ ಕೇರಂ ಹಲಗೆಯ ಒಂದು ಮೂಲೆ ಕಾಣುತ್ತಿತ್ತು, ಅದರ ಮೇಲೆ ತೂಗುವ ದೀಪ ಕಾಣುತ್ತಿತ್ತು. ಲಾಬ್ಲುವಿನ ಬಲಗೈಯನ್ನು ಹಲಗೆಯ ಮೇಲೆ ಚಾಚಿ ಇಬ್ಬರು ಅದುಮಿ ಹಿಡಿದಿದ್ದರು. ಆ ಕೈ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳನ್ನು ಬೆಸೆಯುವ ಕೈ. ಶಿಹಾಬನಿಗೆ ಬೆಸೆಯಲು ಕಲಿಸಿದ್ದೂ ಅದೇ ಕೈ. ಜಸೀಮ್ ಅವನಿಗೆ ಸಂಬಳ ಕೊಡುತ್ತಿದ್ದದ್ದು ಆ ಬೆರಳುಗಳಿಗೆ.

"ಏನು ಸೇರಿಸಿದೀರಿ ನಮ್ಮ ಲೈನಿಗೆ?" ಬಾಚ್ಚು ಭಾಯಿಯ ದನಿ.

"ಏನೂ ಇಲ್ಲ ಭಾಯಿ. ಅಲ್ಲಾಹನಾಣೆ. ನಮ್ಮದೇ ಒಂದು ಎಳೆ ಕಡಿದಿತ್ತು."

ಸುತ್ತಿಗೆ ಬಿದ್ದ ಸದ್ದು ಮೊದಲು ಬಂತು, ಕೂಗು ಆಮೇಲೆ. ಬಿಲ್ಲೆ ಜಾರಲೆಂದು ಹಲಗೆಯ ಮೇಲೆ ಉದುರಿಸಿದ್ದ ಬೋರಿಕ್ ಪುಡಿ ಹೊಗೆಯಂತೆ ಎದ್ದು ದೀಪದ ಬೆಳಕಿನಲ್ಲಿ ನಿಂತಿತು. ಕಿರುಬೆರಳು. ಅದು ಪಕ್ಕಕ್ಕೆ ತಿರುಗಿಕೊಂಡದ್ದನ್ನು ಶಿಹಾಬ ಕಂಡ. ಬಿಳಿ ಪುಡಿಯಲ್ಲಿ ರಕ್ತ ಹರಿಯಲಿಲ್ಲ, ಮಣ್ಣಿನಲ್ಲಿ ನೀರು ಇಂಗಿದಂತೆ ಮುದ್ದೆಯಾಯಿತು.

"ಮತ್ತೆ ಕೇಳ್ತೀನಿ."

ಶಿಹಾಬ ಯೋಚಿಸಿದ. ಒಳಗೆ ಹೋಗಿ ಹೇಳಿದರೆ ಕೇಳುವುದಿಲ್ಲ. ಭಾವನನ್ನು ಉಳಿಸಲು ಕತೆ ಕಟ್ಟುತ್ತಿದ್ದಾನೆ ಎನ್ನುತ್ತಾರೆ. ಸದ್ದಿಲ್ಲದೆ ಸರಿಮಾಡಿಬಿಟ್ಟರೆ? ಪೇಜು ತೆರೆದರೆ ಇವರ ಸಿಟ್ಟಿಗೆ ಕಾರಣವೇ ಇರುವುದಿಲ್ಲ, ಬಿಟ್ಟುಬಿಡುತ್ತಾರೆ. ಬೀಗವಿದ್ದದ್ದು ಅಲಮಾರಿಗೆ ಮಾತ್ರ. ತಂತಿಯ ಮೂಲಕ ಒಳಹೋಗುವ ಗುಪ್ತಪದ ಅವನಿಗೆ ಗೊತ್ತಿತ್ತು. ಅವನು ಕೀಲಿಮಣೆ ಹತ್ತಿರಕ್ಕೆಳೆದುಕೊಂಡ. ಒಳಗೆ ಎರಡನೆಯ ಸಲ ಸುತ್ತಿಗೆ ಬಿತ್ತು. ಹೆದರಿಕೆಗೆ ಅಂಕಿ ತಪ್ಪಾಗಿ ಮತ್ತೆ ಒತ್ತಬೇಕಾಯಿತು. ಸಾಲು ಬದಲಾಯಿಸಿದ. ಡಬ್ಬಿಯ ಹಸಿರು ದೀಪ ಒಮ್ಮೆ ಆರಿ ಹತ್ತಿತು.

ಹೊರಗೆ ಮೊದಲು ಚಹಾದ ಅಂಗಡಿಯಿಂದ ಕೂಗು ಬಂತು. "ಬಂತು! ತೆರೀತು!" ಆಮೇಲೆ ಇಡೀ ಗಲ್ಲಿ ಶಿಳ್ಳೆ ಹಾಕಿತು. ಶಿಹಾಬ ಉಸಿರು ಬಿಟ್ಟ.

ಒಳಗೆ ಸುತ್ತಿಗೆಯ ಸದ್ದು ನಿಂತಿತು. ಆಮೇಲೆ ಬಾಚ್ಚು ಭಾಯಿ ನಕ್ಕ.

"ನೋಡಿದ್ರಾ? ಎರಡು ಬೆರಳಿಗೆ ಕೆಲಸ ಆಯ್ತು."

ಪರದೆ ಸರಿಸಿ ಶಿಹಾಬ ಒಳಗೆ ಬಂದ. ಲಾಬ್ಲುವಿನ ಕಿವಿಯ ಬಳಿ ಕುದ್ದುಸ್ ಇನ್ನೂ ಫೋನು ಹಿಡಿದಿದ್ದ. ನಡೆದದ್ದು ಇಷ್ಟು. ಎರಡನೆಯ ಏಟಿಗೆ ಲಾಬ್ಲು ಒಪ್ಪಿಕೊಂಡಿದ್ದ. ಹೌದು ನಾವೇ ಮಾಡಿದ್ದು, ಫೋನು ಕೊಡಿ, ತೆಗೆಸುತ್ತೇನೆ ಎಂದಿದ್ದ. ಜಸೀಮನ ಆಫೀಸಿಗೆ ಫೋನು ಹಚ್ಚಿ, "ತೆಗೀರಿ, ತೆಗೆದುಬಿಡಿ" ಎಂದು ಕಿರುಚಿದ್ದ. ಆ ಕಡೆಯವರು ಏನನ್ನು ತೆಗೆಯಬೇಕು ಎಂದು ಕೇಳುತ್ತಿರುವಾಗಲೇ ಗಲ್ಲಿಯಲ್ಲಿ ಪೇಜುಗಳು ತೆರೆದಿದ್ದವು.

"ಈಗ ಸಾಬೀತಾಯ್ತು," ಎಂದ ಬಾಚ್ಚು ಭಾಯಿ. "ಅಲ್ಲೀವರೆಗೂ ನಂಗೂ ಸ್ವಲ್ಪ ಅನುಮಾನ ಇತ್ತು, ಸುಳ್ಳು ಯಾಕೆ ಹೇಳ್ಲಿ. ಕುದ್ದುಸ್, ಉಳಿದಿದ್ದೂ ಮುಗಿಸು. ಆಮೇಲೆ ಹೊರಗೆ ಕರ್ಕೊಂಡು ಹೋಗಿ ತೋರಿಸೋಣ. ಇನ್ನು ಯಾರ ತಂತೀನೂ ಮುಟ್ಟಬಾರದು ಇವ್ನು."

ಕುದ್ದುಸ್ ಅಂಗೈಗೆ ಉಗುಳಿಕೊಂಡು ಸುತ್ತಿಗೆ ಹಿಡಿದ. ಲಾಬ್ಲುವಿನ ಮುಖದಲ್ಲಿ ಕಣ್ಣೀರು, ಸಿಂಬಳ, ಬೋರಿಕ್ ಪುಡಿ ಎಲ್ಲ ಕಲಸಿಹೋಗಿತ್ತು. ಅವನು ಶಿಹಾಬನನ್ನು ನೋಡಿದ.

"ಅದನ್ನ ಸರಿಮಾಡಿದ್ದು ನಾನು," ಎಂದ ಶಿಹಾಬ.

"ಕೂತ್ಕೋ ಅಂದಿದ್ನಲ್ಲ ನಿಂಗೆ."

"ಈಗಷ್ಟೇ ಮಾಡಿದೆ ಭಾಯಿ. ಕಂಪನಿಯವರು ನಿನ್ನೆ ನಂಬರು ಬದಲಾಯಿಸಿದ್ರು. ಡಬ್ಬಿ ಇನ್ನೂ ಹಳೇದನ್ನೇ ಕೇಳ್ತಿತ್ತು. ಜಸೀಮನೂ ಇಲ್ಲ, ಲಾಬ್ಲುನೂ ಇಲ್ಲ. ಬೇಕಾದ್ರೆ ಮತ್ತೆ ಹಳೇದು ಹಾಕಿ ತೋರಿಸ್ತೀನಿ. ಅವನ ಕೈ ನಿಮ್ಮ ಹತ್ರಾನೇ ಇದೆಯಲ್ಲ, ನೋಡಿ."

"ಭಾವನ ಮೇಲೆ ಪ್ರೀತಿ," ಎಂದ ಕುದ್ದುಸ್. "ಹೊಡೀಲಾ?"

ಬಾಚ್ಚು ಭಾಯಿ ಕೈಯೆತ್ತಿ ಅವನನ್ನು ತಡೆದ. ಕುತೂಹಲವಿದ್ದ ಮನುಷ್ಯ. ತನ್ನ ಫೋನು ಹಿಡಿದು ಪರದೆಯ ಬಳಿ ಬಂದು ನಿಂತ. "ತೋರಿಸು."

ಶಿಹಾಬ ಕಂಪ್ಯೂಟರಿಗೆ ಹೋಗಿ ಹಳೆಯ ನಂಬರು ಒತ್ತಿದ. ಭಾಯಿಯ ಫೋನಿನಲ್ಲಿ ಸಣ್ಣ ಚಕ್ರ ತಿರುಗುತ್ತ ನಿಂತಿತು. ಹೊರಗೆ ಗುಂಪು ಗೊಣಗಿತು. ಹೊಸದು ಒತ್ತಿದ, ಪೇಜು ತೆರೆಯಿತು, ಗುಂಪು ಶಿಳ್ಳೆ ಹಾಕಿತು. ಮತ್ತೆ ಹಳೆಯದು. ಮತ್ತೆ ಗೊಣಗಾಟ. ಲಾಬ್ಲು ಅಷ್ಟೂ ಹೊತ್ತು ಹಲಗೆಯ ಮೇಲೆ ಕೈ ಚಾಚಿಕೊಂಡೇ ಬಿದ್ದಿದ್ದ.

ಕೇರಂ ಹುಡುಗರಲ್ಲೊಬ್ಬನಿಗೆ ಈಗ ಅರ್ಥವಾಯಿತು. "ಅಂದ್ರೆ ಭಾಯಿ ಫೋಟೋ ತೋರಿಸೋ ಡಬ್ಬಿನೇ ಎಲ್ಲಾರನ್ನೂ ತಡೆದು ನಿಲ್ಲಿಸ್ತಿದ್ದದ್ದಾ?" ಎಂದು ಕೇಳಿ ಫಕ್ಕನೆ ನಕ್ಕುಬಿಟ್ಟ.

ಬಾಚ್ಚು ಭಾಯಿ ಯಾರನ್ನೂ ತಾನೇ ಹೊಡೆಯುತ್ತಿರಲಿಲ್ಲ. ಈಗ ಕುದ್ದುಸನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಆ ಹುಡುಗನ ಬಾಯಿಗೆ ಹೊಡೆದ. ಹಲ್ಲು ಗೋಡೆಗೆ ತಾಗಿದ ಸದ್ದು ಕೇಳಿಸಿತು. ಹುಡುಗ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತ. ಬೆರಳುಗಳ ನಡುವಿನಿಂದ ರಕ್ತ ದಾರದಂತೆ ಇಳಿಯಿತು. ಆಮೇಲೆ ಆ ಕೋಣೆಯಲ್ಲಿ ಯಾರೂ ನಗಲಿಲ್ಲ.

ಭಾಯಿ ಸುತ್ತಿಗೆಯನ್ನು ಹಲಗೆಯ ಮೇಲಿಟ್ಟು ಕರವಸ್ತ್ರದಿಂದ ಕೈ ಒರೆಸಿಕೊಂಡ. ದನಿ ಮೊದಲಿನಷ್ಟೇ ಮೆತ್ತಗಿತ್ತು.

"ಶಿಹಾಬ, ನಾನು ಗಲ್ಲಿಗೆ ಮಾತು ಕೊಟ್ಟಿದೀನಿ. ಜಸೀಮನ ಕಡೆ ಕಳ್ಳನ್ನ ತೋರಿಸ್ತೀನಿ ಅಂತ. ಹೊರಗೆ ಹೋಗಿ, ಇಲ್ಲಪ್ಪ, ನಿಮ್ಮ ಪೇಜು ನಿಲ್ಲಿಸಿದ್ದು ನನ್ನ ಮುಖಾನೇ ಅಂತ ಹೇಳ್ಲಾ? ಅದು ಆಗೋ ಮಾತಲ್ಲ. ನೀನು ಹೇಳಿದ್ದು ನಿಜಾನೇ ಇರಬಹುದು. ನಿಜ ಇದೇ ಕೋಣೇಲಿರ್ಲಿ. ಕುದ್ದುಸ್, ನಿನ್ನ ಕೆಲಸ ಮುಗಿಸು."

ಶಿಹಾಬ ಮತ್ತೆ ಕೌಂಟರಿನ ಕಂಪ್ಯೂಟರಿಗೆ ತಿರುಗಿದ. ಯಾರಿಗೂ ಹೇಳದೆ ಡಬ್ಬಿಯಲ್ಲಿದ್ದ ನಂಬರಿನ ಎರಡೂ ಸಾಲುಗಳನ್ನು ಅಳಿಸಿದ. ಗುಪ್ತಪದವನ್ನೂ ಬದಲಾಯಿಸಿದ. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

ಈ ಸಲ ಗುಂಪು ಗೊಣಗಲಿಲ್ಲ. ಅರ್ಧ ಇಳಿದಿದ್ದ ಶಟರಿಗೆ ಒದ್ದಿತು. ಗಲ್ಲಿಯ ಒಂದು ಫೋನಿನಲ್ಲೂ ಒಂದು ಪೇಜೂ ತೆರೆಯುತ್ತಿರಲಿಲ್ಲ, ನಿಧಾನವಾಗಿಯೂ ತೆರೆಯುತ್ತಿರಲಿಲ್ಲ. "ಏನ್ ಭಾಯಿ, ಆಟ ಆಡ್ತಿದೀರಾ?" ಎಂದು ಕಲಾಮ್ ಕಸಾಯಿ ಹೊರಗಿನಿಂದ ಕೂಗಿದ. ಒಂದು ಇಟ್ಟಿಗೆ ಶಟರಿಗೆ ಬಿತ್ತು.

ಬಾಚ್ಚು ಭಾಯಿ ಸುತ್ತಿಗೆ ಎತ್ತಿದ್ದ ಕುದ್ದುಸನನ್ನು ತಡೆದು, ಅವನೊಂದಿಗೆ ಹೊರಕೋಣೆಗೆ ಬಂದ.

"ಲಾಬ್ಲುನ ಬಿಡಿ," ಎಂದ ಶಿಹಾಬ. "ಹಿಂಬಾಗಿಲಿಂದ. ಫೋನು ಕೊಟ್ಟು ಕಳಿಸಿ. ರಸ್ತೆ ದಾಟಿ ಅವನು ನಂಗೆ ಫೋನು ಮಾಡ್ಲಿ. ಆಮೇಲೆ ಡಬ್ಬಿ ಸರಿಮಾಡ್ತೀನಿ. ಅದರ ಪಾಸ್‌ವರ್ಡು ಈಗ ನನ್ನ ತಲೇಲಿ ಬಿಟ್ರೆ ಬೇರೆಲ್ಲೂ ಇಲ್ಲ."

ಕುದ್ದುಸ್ ಅವನ ಕತ್ತಿನ ಹಿಂಭಾಗ ಹಿಡಿದು ಮುಖವನ್ನು ಕೌಂಟರಿಗೆ ಅಪ್ಪಳಿಸಿದ. ಹುಬ್ಬಿನ ಗಾಯ ಮತ್ತೆ ಬಿಚ್ಚಿಕೊಂಡಿತು. "ಎರಡೇಟಿಗೆ ಹೇಳ್ತಾನೆ ಭಾಯಿ."

"ಹೇಳ್ತೀನಿ," ಎಂದ ಶಿಹಾಬ, ತುಟಿ ಕೌಂಟರಿಗೆ ಒತ್ತಿದ್ದರಿಂದ ಮಾತು ಚಪ್ಪಟೆಯಾಗಿ ಬಂತು. "ಹೊಡೆದ್ರೆ ಹೇಳೇ ಹೇಳ್ತೀನಿ. ಅವನೂ ಹೇಳಿದ್ನಲ್ಲ, ನಾನೇ ಮಾಡಿದ್ದು ಅಂತ. ಹೊಡೆಸ್ಕೊಂಡೋನು ಬಾಯಿಗೆ ಬಂದಿದ್ದು ಹೇಳ್ತಾನೆ. ನೀನು ಒಂದೊಂದೇ ಒತ್ತಿ ನೋಡ್ತಾ ಕೂತ್ಕೋ. ಅಷ್ಟರಲ್ಲಿ ಹೊರಗಿನೋರು ಒಳಗೆ ಬರ್ತಾರೆ."

ಇನ್ನೊಂದು ಇಟ್ಟಿಗೆ ಬಿತ್ತು. ಅಲಮಾರಿನ ಗಾಜು ಅದುರಿತು. ಬಾಚ್ಚು ಭಾಯಿ ತನ್ನ ಫೋಟೋದ ಕಡೆ ನೋಡಿದ, ಅದರ ಕೆಳಗಿನ ಡಬ್ಬಿಯ ಕಡೆ ನೋಡಿದ, ಶಟರಿನ ಕಡೆ ನೋಡಿದ. ಕೋಪಕ್ಕಿಂತ ಲೆಕ್ಕಾಚಾರ ಬೇಗ ಬರುವ ತಲೆ ಅದು.

"ಅವನ್ನ ಬಿಟ್ರೆ ನನ್ನ ಮಾತಿನ ಕತೆ ಏನು? ಹೊರಗೆ ಯಾರನ್ನ ತೋರಿಸ್ಲಿ?"

ಶಿಹಾಬ ಕೌಂಟರಿನಿಂದ ಮುಖವೆತ್ತಿದ. ಉತ್ತರ ಏನೆಂದು ಅವನಿಗೆ ಆಗಲೇ ಗೊತ್ತಿತ್ತು. ಭಾಯಿಗೂ ಹೊಳೆಯಿತು. ನಿಧಾನವಾಗಿ ತಲೆಯಾಡಿಸಿದ.

"ಬೇಕಾದಾಗ ನಿಧಾನ, ಬೇಕಾದಾಗ ಜೋರು, ಬೇಡ ಅಂದ್ರೆ ಬಂದ್. ನಾನೇ ಕಣ್ಣಾರೆ ನೋಡಿದೆ. ಮನೆಯೊಳಗಿನ ಕಳ್ಳ. ಜಸೀಮನ ಮನುಷ್ಯನ ಹೆಂಡತಿ ತಮ್ಮ. ಒಪ್ಕೋತೀಯ?"

"ಮೊದಲು ಅವನು ರಸ್ತೆ ದಾಟ್ಲಿ."

"ಬಿಡು ಕುದ್ದುಸ್."

ಲಾಬ್ಲುವನ್ನು ಇಬ್ಬರು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು. ಅವನು ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದ. ಮುರಿದ ಎರಡು ಬೆರಳುಗಳು ಬೇರೆ ಯಾರದೋ ಕೈಯವು ಎಂಬಂತೆ ಹೊರಗೆ ಚಾಚಿದ್ದವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಉಳಿದಿದ್ದವು. ಎಳೆ ಬೆಸೆಯಲು ಅಷ್ಟು ಸಾಕು ಎಂದು ಶಿಹಾಬನ ತಲೆಯಲ್ಲಿ ಬಂತು. ಹಿಂಬಾಗಿಲಿನಲ್ಲಿ ಲಾಬ್ಲು ತಿರುಗಿದ.

"ಶಿಹಾಬ, ನೀನೂ ಬಾ."

"ನಡಿ ದುಲಾಭಾಯಿ. ಅಕ್ಕಂಗೆ ಕಂಬದಿಂದ ಬಿದ್ದೆ ಅಂತ ಹೇಳು."

"ನಂಬ್ತಾಳಾ ಅವಳು? ನನ್ನ ಉಳಿದ ಬೆರಳನ್ನ ಅವಳೇ ಮುರೀತಾಳೆ."

ಅವನು ಕುಂಟುತ್ತ ಕೆರೆಯ ಕಡೆಯ ಕಾಲುದಾರಿಗೆ ಇಳಿದ. ಹಲ್ಲು ಕಳೆದುಕೊಂಡ ಹುಡುಗ ಮೂಲೆಯಲ್ಲಿ ಉಗುಳುತ್ತಿದ್ದ. ಹೊರಗೆ ಯಾರೋ ಶಟರಿಗೆ ಕಬ್ಬಿಣದ ಸಲಾಕೆ ತೂರಿಸುತ್ತಿದ್ದರು. ಕುದ್ದುಸ್ ಕೈಗೊಂದು ಬಟ್ಟೆ ತೆಗೆದುಕೊಂಡು ಕೇರಂ ಹಲಗೆಯ ಮೇಲಿನ ಕೆಂಪು ಮುದ್ದೆಯನ್ನು ಒರೆಸತೊಡಗಿದ. ಒರೆಸಿ, ಡಬ್ಬದಿಂದ ಹೊಸ ಬೋರಿಕ್ ಪುಡಿ ಉದುರಿಸಿ, ಅಂಗೈಯಿಂದ ಸವರಿ ಸಮ ಮಾಡಿದ. ಸಂಜೆ ಆಡುವ ಹಲಗೆ, ಅದರ ಮೇಲೆ ಅವನಿಗೆ ಬಹಳ ಅಕ್ಕರೆ.

ಶಿಹಾಬನ ಫೋನು ಬಡಿದುಕೊಂಡಿತು.

"ದಾಟಿದೆ," ಎಂದ ಲಾಬ್ಲು. ಹಿಂದೆ ಬಸ್ಸಿನ ಹಾರನ್ನು, ಜಸೀಮನ ಹುಡುಗರ ಕೂಗಾಟ ಕೇಳುತ್ತಿತ್ತು. "ಇವರೆಲ್ಲ ಮಚ್ಚು ತರ್ತಿದಾರೆ. ನಾನು ಬೇಡ ಅಂತಿದೀನಿ. ನೀನು ಅಲ್ಲಿಂದ ಓಡೋ."

"ಬೇಡ ಅಂತ ಜೋರಾಗಿ ಹೇಳು. ನಾನಿನ್ನೂ ಒಳಗಿದೀನಿ."

ಫೋನು ಇಟ್ಟು ಅವನು ಹೊಸ ನಂಬರು ಒತ್ತಿದ. ಅವಸರ ಮಾಡಲಿಲ್ಲ. ಎರಡನೆಯ ಸಾಲಿಗೂ ಸರಿಯಾದದ್ದನ್ನೇ ಹಾಕಿದ, ಮುಂದೆ ಯಾವಾಗಲೋ ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಭಾಯಿಯ ಮುಖ ತೋರಿಸುವ ಸಾಲು ಅದರ ಕೆಳಗೇ ಇತ್ತು. ಅದರ ಮೇಲೆ ಸ್ವಲ್ಪ ಹೊತ್ತು ಅವನ ಕಣ್ಣು ನಿಂತಿತು. ಅಳಿಸಲಿಲ್ಲ. ಅಳಿಸಿದರೆ ನಾಳೆ ಬೆಳಗ್ಗೆ ಮತ್ತೆ ಯಾರನ್ನೋ ಹಿಡಿದು ತರುತ್ತಾರೆ.

ಹೊರಗೆ ಸಲಾಕೆ ನಿಂತಿತು. ಶಿಳ್ಳೆ ಕೇಳಿಸಿತು.

ಬಾಚ್ಚು ಭಾಯಿ ತನ್ನ ಫೋನಿನಲ್ಲಿ ಒಂದೆರಡು ಪೇಜು ತೆರೆದು ನೋಡಿ ಸಮಾಧಾನಪಟ್ಟುಕೊಂಡ. "ಯಾವ ಕೈಲಿ ಒತ್ತೋದು ನೀನು?"

"ಎರಡರಲ್ಲೂ."

"ಹೆಚ್ಚಾಗಿ?"

"ಬಲ."

"ಹಂಗಾದ್ರೆ ಎಡಗೈ ಇಡು. ಭಾನುವಾರ ಕೆಲಸಕ್ಕೆ ಬರ್ಬೇಕಲ್ಲ ನೀನು. ಪಾಸ್‌ವರ್ಡು ನಿನ್ನ ತಲೇಲಿದೆ ಅಂದ್ಯಲ್ಲ."

ಕುದ್ದುಸ್ ತಳ್ಳುವ ಮೊದಲೇ ಶಿಹಾಬ ಹೋಗಿ ಹಲಗೆಯ ಮೇಲೆ ಕೈಯಿಟ್ಟ. ಪುಡಿ ತಣ್ಣಗೆ, ನುಣ್ಣಗೆ ಇತ್ತು. ದೀಪದ ಸುತ್ತ ಒಂದು ನೊಣ ಸುತ್ತುತ್ತಿತ್ತು. ಅವನು ಅದನ್ನು ನೋಡಲು ಪ್ರಯತ್ನಿಸಿದ. ಕುದ್ದುಸ್ ಬೆರಳಿಗೆ ಹೊಡೆಯಲಿಲ್ಲ. ಅಂಗೈಯ ನಡುವೆ ಹೊಡೆದ. ಒಳಗಿನ ಮೂಳೆಗಳು ಹಪ್ಪಳದಂತೆ ಮುರಿದವು. ತಾನು ಕೂಗಿದ್ದು ಶಿಹಾಬನಿಗೆ ಬೇರೆ ಯಾರೋ ಕೂಗಿದಂತೆ ಕೇಳಿಸಿತು. ಎರಡನೆಯದು ಬಿದ್ದಾಗ ಅವನು ಹಲಗೆಯ ಕಾಲಿಗೆ ತಲೆ ಆನಿಸಿ ವಾಂತಿ ಮಾಡಿಕೊಂಡ. ಬೆಳಗ್ಗೆ ತಿಂದ ಪರೋಟ ಹೊರಬಂತು. "ಹಲಗೆ ಮೇಲೆ ಮಾಡ್ಬೇಡ, ಆ ಕಡೆ ಮಾಡು," ಎಂದು ಕುದ್ದುಸ್ ಅವನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

ಶಟರು ಮೇಲೆ ಹೋಯಿತು. ಬಾಚ್ಚು ಭಾಯಿ ಫೋನನ್ನು ಮುಖದೆದುರು ಹಿಡಿದು ಗಲ್ಲಿಯೊಂದಿಗೆ ಮಾತಾಡಿದ. ಕಳ್ಳ ನಮ್ಮ ಮನೆಯವನೇ, ದುಃಖದ ಸಂಗತಿ, ಬುದ್ಧಿ ಕಲಿಸಿದ್ದೇನೆ, ಎಳೆಯ ಹುಡುಗ, ಕ್ಷಮಿಸಿದ್ದೇನೆ. ಜನ ಅವನ ಹೆಸರು ಕೂಗಿದರು. ಶಿಹಾಬನನ್ನು ಹೊರಗೆ ಬಿಟ್ಟಾಗ ದಾರಿ ಬಿಟ್ಟು ನಿಂತರು. ಯಾರೋ ಹಿಂದಿನಿಂದ ತಲೆಗೆ ಮೊಟಕಿದರು. ಒಬ್ಬಳು ಮುದುಕಿ ಅವನ ಕಾಲ ಬಳಿ ಉಗುಳಿದಳು. ಪಕ್ಕದಲ್ಲೇ ಅವಳ ಮೊಮ್ಮಗಳು ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದಳು.

ಮೂಲೆಯ ಕಸಾಯಿ ಅಂಗಡಿಯ ಮುಂದೆ ಅವನು ನಿಂತ. ಅಲ್ಲೇ ಮರದ ದಿಮ್ಮಿಯ ಮೇಲೆ ಕೂತ. ಕಲಾಮ್ ಒಳಗಿನಿಂದ ಬಂದು ಅವನ ಕೈ ನೋಡಿದ. ಆಮೇಲೆ ಮಾಂಸದ ಪೆಟ್ಟಿಗೆಯಿಂದ ಮಂಜುಗಡ್ಡೆ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅವನ ಕೈಗೆ ಸುತ್ತಿದ. ಚೀಲದಲ್ಲಿ ಹಸಿ ಮಾಂಸದ ಚೂರುಗಳೂ ಇದ್ದವು.

"ಹತ್ತು ಹೋಳಾಗಿರತ್ತೆ ಒಳಗೆ," ಎಂದ, ಕಸುಬಿನವನ ಕಣ್ಣಿನಿಂದ ಕೈಯನ್ನು ತಿರುಗಿಸಿ ನೋಡಿ. "ನನ್ನ ತಮ್ಮ ರಿಕ್ಷಾ ತರ್ತಾನೆ, ಆಸ್ಪತ್ರೆಗೆ ಹೋಗು. ಯಾಕೋ ಹಿಂಗೆ ಮಾಡ್ದೆ? ಒಳ್ಳೆ ಹುಡುಗ ಅಂತ ತಿಳಿದಿದ್ದೆ ನಿನ್ನ. ಇನ್ನೊಂದು ಸಲ ಮಾಡ್ಬೇಡ, ತಿಳೀತಾ?"

ಶಿಹಾಬ ತಲೆಯಾಡಿಸಿದ.

"ಮಗಳ ಅರ್ಜಿ ಈಗ ಹೋಯ್ತು," ಎಂದ ಕಲಾಮ್. ಅಂಗಡಿಯ ಮೇಲಿನ ಕಿಟಕಿಯತ್ತ ಕತ್ತೆತ್ತಿ, ಆಮೇಲೆ ದನಿ ತಗ್ಗಿಸಿದ. "ರೂಟರಿಲ್ಲದೆ ಮನೇಲಿ ಈಗ ಅವಳ ಫೋನಿನ ಡೇಟಾ ದುಡ್ಡಲ್ಲಿ ನಡೀತಿದೆ. ಆ ರೂಟರು, ನಾನು ಎಸೆದೆನಲ್ಲ. ಬೇರೆ ಕೊಡ್ತೀಯಾ? ಇಲ್ಲ ಅದನ್ನೇ ವಾಪಸ್ ತಗೊಂಡ್ಬರ್ಲಾ?"

"ಅದನ್ನೇ ತನ್ನಿ ಚಾಚಾ. ಕೌಂಟರಿನ ಹಿಂದೆ ಬಿದ್ದಿದೆ."

"ಕೊಂಬು ಮುರಿದೋಗಿದೆಯಲ್ಲೋ."

"ಇನ್ನೊಂದಿದೆಯಲ್ಲ," ಎಂದ ಶಿಹಾಬ. ರಿಕ್ಷಾ ಬಂದು ನಿಂತಿತು. ಅವನು ಬಲಗೈಯಿಂದ ಅದರ ಕಂಬಿ ಹಿಡಿದು ಹತ್ತಿಕೊಂಡ.